ಒಂಟಿ ಮುಸಾಫಿರನ ಗಂಟಿನಲ್ಲಿ ಏನಿತ್ತು?

ಡಿಗ್ರಿ ಮುಗಿಸಿ ಒಂದೆರಡು ವರ್ಷ ದುಡಿದ ನಮ್ಮ ಹುಡುಗರಲ್ಲಿ ಈಗ ಹೊಸದೊಂದು ಆಸೆ ಕಾಣುತ್ತಿದೆ. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು, ಟೂರಿನವರ ಹಂಗಿಲ್ಲದೆ, ಒಬ್ಬನೇ ಹೊರದೇಶ ಸುತ್ತಿ ಬರಬೇಕು ಎಂಬ ಆಸೆ. ಇಸ್ತಾಂಬುಲ್, ಸಮರ್ಖಂದ್, ಕೈರೋಗಳ ಹೆಸರು ಮನೆಯ ಊಟದ ಹೊತ್ತಿನಲ್ಲಿ ಕೇಳಿಬರುತ್ತಿದೆ. ಹಿಂದಿನ ತಲೆಮಾರಿಗೆ ಹೊರದೇಶವೆಂದರೆ ಒಂದೋ ಹಜ್ಜ್, ಉಮ್ರಾ. ಇಲ್ಲವಾದರೆ ಗಲ್ಫ್‌ನ ದುಡಿಮೆ. ಬರೀ ನೋಡುವುದಕ್ಕಾಗಿ, ಅದೂ ಒಬ್ಬನೇ ಹೋಗುತ್ತೇನೆ ಎಂದರೆ ತಾಯಿ ಹೆದರುತ್ತಾರೆ, ತಂದೆ ಗದರುತ್ತಾರೆ, ಮಗ ಮುನಿಸಿಕೊಳ್ಳುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮಾತು ನಿಲ್ಲಬಾರದು. ಈ ಆಸೆ ಹೊಸದಲ್ಲ, ಈ ಭಯವೂ ಹೊಸದಲ್ಲ. ಸುಮಾರು 700 ವರ್ಷಗಳ ಹಿಂದೆ ಇಪ್ಪತ್ತೊಂದರ ಹರೆಯದ ಒಬ್ಬ ಯುವಕ ತಂದೆ ತಾಯಿಯನ್ನು ಬಿಟ್ಟು ಒಬ್ಬಂಟಿಯಾಗಿ ಹೊರಟ. ಆತ ಹೇಗೆ ಹೊರಟ, ಏನು ಕೊಂಡುಹೋದ, ದಾರಿಯಲ್ಲಿ ಯಾರು ಕೈಹಿಡಿದರು, ಕೊನೆಗೆ ಏನನ್ನು ಕಳೆದುಕೊಂಡ ಎಂಬುದೆಲ್ಲ ಅವನದೇ ನೆನಪುಗಳಿಂದ ಬರೆದಿಟ್ಟ ಗ್ರಂಥದಲ್ಲಿದೆ. ಆ ಯುವಕ ಮತ್ತಾರೂ ಅಲ್ಲ, ಇಬ್ನ್ ಬತೂತಾ. ಅವರ ಹೆಸರನ್ನು ನಾವೆಲ್ಲ ಶಾಲೆಯ ಇತಿಹಾಸ ಪಾಠದಲ್ಲಿ ಮುಹಮ್ಮದ್ ಬಿನ್ ತುಘ್ಲಕ್‌ನ ಜೊತೆಗೆ ಒಂದು ಸಾಲಿನಲ್ಲಿ ಓದಿ ಮರೆತಿದ್ದೇವೆ. ಮನೆ ಬಿಟ್ಟ ಮೊದಲ ದಿನಗಳ ಅವರ ಕಥೆ ನಮ್ಮ ಮನೆಗಳಿಗೆ ಇಂದು ಬೇಕಾದ ಕಥೆ.

ಹೊರಟ ದಿನ

ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೋದ ಟಾಂಜಿಯರ್ ಪಟ್ಟಣದಲ್ಲಿ. ಮನೆತನ ಖಾಝಿಗಳದ್ದು. ಹಿಜರಿ 725ರ ರಜಬ್ 2ರಂದು, ಅಂದರೆ ಕ್ರಿ.ಶ. 1325ರ ಜೂನ್ 14ರಂದು ಅವರು ಹಜ್ಜ್‌ಗೆಂದು ಮನೆ ಬಿಟ್ಟರು. ಜೊತೆಗಾರರಿಲ್ಲ, ಸೇರಿಕೊಳ್ಳಲು ಕಾರವಾನ್ ಇಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅಗಲುವಾಗ ಎರಡೂ ಕಡೆ ದುಃಖವಿತ್ತು ಎಂದು ಅವರು ನೆನೆದುಕೊಂಡಿದ್ದಾರೆ. ಮನಸ್ಸಿನಲ್ಲಿದ್ದದ್ದು ಎರಡು ಉದ್ದೇಶ: ಕಾಬಾದ ದರ್ಶನ, ಪೂರ್ವದ ದೊಡ್ಡ ವಿದ್ವಾಂಸರ ಬಳಿ ಕಲಿಕೆ. ಮುಂದೆ ಪ್ರಯಾಣವೇ ಅವರ ಬದುಕಾಗಿ, ಲಕ್ಷ ಕಿಲೋಮೀಟರಿಗೂ ಮಿಕ್ಕಿ ಸುತ್ತಿದರು. ಆದರೆ ಹೊರಟ ದಿನ ಆ ಯುವಕನ ಲೆಕ್ಕದಲ್ಲಿ ಇದ್ದದ್ದು ಹೋಗಿಬರುವ ಒಂದು ಪ್ರಯಾಣ ಮಾತ್ರ.

ಅವರ ಗಂಟಿನಲ್ಲಿ ಏನಿತ್ತು? ಹಣ ಸ್ವಲ್ಪ ಇತ್ತು, ಸವಾರಿಗೆ ಪ್ರಾಣಿ ಇತ್ತು, ಒಂದಷ್ಟು ಸಾಮಾನು ಇತ್ತು. ಇವೆಲ್ಲವೂ ಕೆಲವೇ ತಿಂಗಳಲ್ಲಿ ಕೈಬಿಟ್ಟವು. ಕೈಬಿಡದೆ ಉಳಿದದ್ದು ಕಲಿತ ವಿದ್ಯೆ. ಮಾಲಿಕಿ ಮದ್‌ಹಬ್‌ನ ಫಿಕ್ಹ್ ಅವರಿಗೆ ಗೊತ್ತಿತ್ತು; ಅರಬಿ ಬರುತ್ತಿತ್ತು. ಅಟ್ಲಾಂಟಿಕ್ ತೀರದಿಂದ ಅರಬಿ ಸಮುದ್ರದ ಬಂದರುಗಳ ತನಕ ಮದುವೆ, ಆಸ್ತಿ, ವ್ಯಾಪಾರದ ವ್ಯಾಜ್ಯಗಳನ್ನು ತೀರ್ಮಾನಿಸಲು ಓದಿಕೊಂಡವರು ಬೇಕಾಗಿದ್ದ ಕಾಲ ಅದು. ಮನೆ ಬಿಟ್ಟ ಐದೇ ತಿಂಗಳಲ್ಲಿ, ಟುನಿಸ್‌ನಿಂದ ಹೊರಟ ಹಜ್ಜ್ ಕಾರವಾನಿಗೆ ಈ ಯುವಕನನ್ನೇ ಖಾಝಿಯಾಗಿ ನೇಮಿಸಿದರು. ಪರ ಊರಿನಲ್ಲಿ ಮೊದಲ ಗೌರವ ತಂದುಕೊಟ್ಟದ್ದು ಊರಿನಲ್ಲಿ ಕೂತು ಓದಿದ ಪಾಠ.

ಮೊದಲ ತಿಂಗಳುಗಳ ಪೆಟ್ಟು

ಟಾಂಜಿಯರ್ ಬಿಟ್ಟ ಮೇಲೆ ಅವರು ಮೊದಲು ಮುಟ್ಟಿದ ದೊಡ್ಡ ಪಟ್ಟಣ ಇಂದಿನ ಅಲ್ಜೀರಿಯಾದ ತಿಲಿಮ್ಸಾನ್. ಅವರು ತಲುಪಿದ ದಿನವೇ ಟುನಿಸ್ ಸುಲ್ತಾನನ ಇಬ್ಬರು ರಾಯಭಾರಿಗಳು ಅಲ್ಲಿಂದ ಹೊರಟಿದ್ದರು. ಅವರ ಜೊತೆ ಸೇರಿಕೋ ಎಂದು ಒಬ್ಬರು ಸಲಹೆ ಕೊಟ್ಟರು. ಯುವಕ ತಕ್ಷಣ ಓಡಲಿಲ್ಲ. ಇಸ್ತಿಖಾರಾ ಮಾಡಿ, ಮೂರು ರಾತ್ರಿ ಅಲ್ಲಿಯೇ ಉಳಿದು, ಬೇಕಾದದ್ದನ್ನು ಹೊಂದಿಸಿಕೊಂಡು, ಆಮೇಲೆ ವೇಗವಾಗಿ ಸವಾರಿ ಮಾಡಿ ಮಿಲಿಯಾನಾ ಪಟ್ಟಣದಲ್ಲಿ ಅವರನ್ನು ಹಿಡಿದರು. ಒಂಟಿಯಾಗಿ ಹೊರಟವರು ಒಂಟಿಯಾಗಿಯೇ ಉಳಿಯಬೇಕೆಂದು ಹಟ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಒಳ್ಳೆಯ ಜೊತೆ ಸಿಕ್ಕಲ್ಲೆಲ್ಲ ಸೇರಿಕೊಂಡರು.

ಆದರೆ ಬಿರುಬೇಸಿಗೆಯಲ್ಲಿ ರಾಯಭಾರಿಗಳಿಬ್ಬರೂ ಕಾಯಿಲೆ ಬಿದ್ದು, ಒಬ್ಬರು ದಾರಿಯಲ್ಲೇ ತೀರಿಕೊಂಡರು. ಇಬ್ನ್ ಬತೂತಾ ಟುನಿಸ್‌ನ ವ್ಯಾಪಾರಿಗಳ ಗುಂಪು ಸೇರಿದರು. ಬಿಜಾಯಾ ಎಂಬ ಬಂದರಿನಲ್ಲಿ ಆ ವ್ಯಾಪಾರಿಗಳಲ್ಲಿ ಒಬ್ಬರು ಸತ್ತರು. ತನ್ನ 3,000 ಚಿನ್ನದ ದೀನಾರ್‌ಗಳನ್ನು ಊರಿನ ವಾರಸುದಾರರಿಗೆ ತಲುಪಿಸುವಂತೆ ಅವರು ಒಬ್ಬ ನಂಬಿಕಸ್ತನಿಗೆ ಒಪ್ಪಿಸಿದ್ದರು. ಸುದ್ದಿ ಅಲ್ಲಿನ ಅಧಿಕಾರಿಯ ಕಿವಿಗೆ ಬಿದ್ದು, ಹಣವನ್ನೆಲ್ಲ ಕಸಿದುಕೊಂಡ. ಪರದೇಶದಲ್ಲಿ ಸತ್ತವನ ಆಸ್ತಿಗೆ ಏನಾಗುತ್ತದೆ ಎಂಬುದನ್ನು ಇಪ್ಪತ್ತೊಂದರ ಹುಡುಗ ಕಣ್ಣಾರೆ ಕಂಡ.

ಅದೇ ಊರಿನಲ್ಲಿ ಅವರಿಗೂ ಜ್ವರ ಬಂತು. ಗುಣವಾಗುವ ತನಕ ಇಲ್ಲಿಯೇ ಇರು ಎಂದು ಜೊತೆಗಾರರು ಹೇಳಿದರು. ಸಾವು ಬರುವುದಾದರೆ ಹಿಜಾಝ್‌ನ ದಾರಿಯಲ್ಲೇ ಬರಲಿ ಎಂದು ಅವರು ಹಟ ಹಿಡಿದರು. ಆಗ ಜೊತೆಯಲ್ಲಿದ್ದ ಒಬ್ಬ ಹಿರಿಯರು ಕೊಟ್ಟ ಸಲಹೆ ಇಂದಿನ ಬ್ಯಾಗ್ ಹೊರುವ ಹುಡುಗರೆಲ್ಲ ಕೇಳಬೇಕಾದದ್ದು: ನಿನ್ನ ಸವಾರಿಯನ್ನೂ ಭಾರದ ಸಾಮಾನನ್ನೂ ಮಾರಿಬಿಡು, ನಾನು ಸವಾರಿಯನ್ನೂ ಡೇರೆಯನ್ನೂ ಎರವಲು ಕೊಡುತ್ತೇನೆ, ಹಗುರವಾಗಿ ನಮ್ಮ ಜೊತೆ ಬಾ. ಮುಂದಿನ ದಾರಿಯಲ್ಲಿ ದರೋಡೆಕೋರರ ಭಯವಿತ್ತು, ಬೇಗ ಸಾಗಬೇಕಿತ್ತು. ಅವರು ಹಾಗೆಯೇ ಮಾಡಿದರು. ದಾರಿಯಲ್ಲಿ ಜ್ವರದ ನಿಶ್ಶಕ್ತಿಯಿಂದ ಬೀಳಬಾರದೆಂದು ಪೇಟದ ಬಟ್ಟೆಯಿಂದ ತನ್ನನ್ನು ತಾನೇ ಜೀನಿಗೆ ಕಟ್ಟಿಕೊಂಡು ಕೂತದ್ದೂ ಉಂಟು.

ಕುಸನ್ತೀನಾ ಪಟ್ಟಣದ ಹೊರಗೆ ರಾತ್ರಿ ಜೋರು ಮಳೆ ಹೊಡೆಯಿತು. ಬಟ್ಟೆಯೆಲ್ಲ ಒದ್ದೆ, ಕೊಳೆ. ಅಲ್ಲಿನ ಅಧಿಕಾರಿ ಈ ಯುವಕನ ಸ್ಥಿತಿ ನೋಡಿ ಬಟ್ಟೆಗಳನ್ನು ಒಗೆಸಿಕೊಟ್ಟು, ಹರಿದಿದ್ದ ವಸ್ತ್ರದ ಬದಲಿಗೆ ಒಳ್ಳೆಯ ಹೊಸ ವಸ್ತ್ರ ಕಳಿಸಿದ. ಅದರ ಅಂಚಿನಲ್ಲಿ ಎರಡು ಚಿನ್ನದ ದೀನಾರ್‌ಗಳನ್ನು ಗಂಟು ಕಟ್ಟಿದ್ದ. ಪ್ರಯಾಣದಲ್ಲಿ ತನಗೆ ಸಿಕ್ಕ ಮೊದಲ ನೆರವು ಅದು ಎಂದು ಇಬ್ನ್ ಬತೂತಾ ಎಷ್ಟೋ ವರ್ಷಗಳ ನಂತರವೂ ಮರೆಯದೆ ಹೇಳಿದ್ದಾರೆ. ಮುಂದೆ ಸುಲ್ತಾನರಿಂದ ಸಾವಿರಾರು ದೀನಾರ್‌ಗಳ ಉಡುಗೊರೆ ಪಡೆದವರು ಅವರು. ಆದರೂ ಆ ಎರಡು ದೀನಾರ್‌ಗಳ ಗಂಟು ಮನಸ್ಸಿನಿಂದ ಬಿಚ್ಚಲಿಲ್ಲ.

ಟುನಿಸ್ ತಲುಪಿದಾಗ ಊರಿನವರೆಲ್ಲ ಕಾರವಾನನ್ನು ಎದುರುಗೊಳ್ಳಲು ಬಂದಿದ್ದರು. ಒಬ್ಬರಿಗೊಬ್ಬರು ಸಲಾಂ ಹೇಳಿ ಅಪ್ಪಿಕೊಳ್ಳುತ್ತಿದ್ದರು. ಈ ಯುವಕನಿಗೆ ಸಲಾಂ ಹೇಳುವವರೇ ಇಲ್ಲ, ಏಕೆಂದರೆ ಅಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ಜೋರಾಗಿ ಅಳು ಬಂತು. ಇದನ್ನು ಗಮನಿಸಿದ ಒಬ್ಬ ಹಜ್ಜ್ ಯಾತ್ರಿಕ ಹತ್ತಿರ ಬಂದು ಸಲಾಂ ಹೇಳಿ, ಊರೊಳಗೆ ತಲುಪುವ ತನಕ ಮಾತಾಡಿಸುತ್ತ ಜೊತೆಗೇ ನಡೆದ. ಇಬ್ನ್ ಬತೂತಾ ಅಲ್ಲಿನ ಒಂದು ಮದ್ರಸದಲ್ಲಿ ಇಳಿದುಕೊಂಡರು. ಜಗತ್ತಿನ ಅತಿ ದೊಡ್ಡ ಮುಸಾಫಿರರಲ್ಲಿ ಒಬ್ಬರೆಂದು ನಾವು ಕರೆಯುವ ವ್ಯಕ್ತಿ ಒಂದು ಸಲಾಮಿಗಾಗಿ ಅತ್ತಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಪರ ಊರಿನಲ್ಲಿ ಮನಸ್ಸು ಕುಸಿದರೆ ಅದು ಸೋಲಲ್ಲ.

ತೆರೆದಿದ್ದ ಬಾಗಿಲುಗಳು

ಒಬ್ಬಂಟಿ ಹುಡುಗ ಇಷ್ಟು ದೂರ ಹೇಗೆ ಸಾಗಿದ? ಧೈರ್ಯವೊಂದೇ ಉತ್ತರವಲ್ಲ. ಅವರಿಗಿಂತ ಮುಂಚೆ ಎಷ್ಟೋ ಜನ, ತಾವು ಎಂದೂ ನೋಡದ ಮುಸಾಫಿರನಿಗಾಗಿ ಹಣ ಎತ್ತಿಟ್ಟಿದ್ದರು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬ ಎಂದು ಕುರ್‌ಆನ್ ಎಣಿಸಿದೆ. ಊರಿನಲ್ಲಿ ಶ್ರೀಮಂತನಾಗಿದ್ದರೂ ದಾರಿಯಲ್ಲಿ ಕೈ ಬರಿದಾದರೆ ಅವನಿಗೆ ಅದರಲ್ಲಿ ಪಾಲಿದೆ. ಇದರ ಜೊತೆಗೆ ವಕ್ಫ್‌ಗಳು ಬೆಳೆದವು. ಅಂಗಡಿ, ತೋಟ, ಸ್ನಾನಗೃಹ ಇಂಥವುಗಳ ಬಾಡಿಗೆ, ಉತ್ಪತ್ತಿಯನ್ನು ಒಂದು ಕೆಲಸಕ್ಕೆಂದು ಶಾಶ್ವತವಾಗಿ ಬಿಟ್ಟುಕೊಡುವುದೇ ವಕ್ಫ್. ಮದ್ರಸಗಳೂ, ಝಾವಿಯಾ ಎಂಬ ಸೂಫಿ ಛತ್ರಗಳೂ ನಡೆದದ್ದು ಇಂಥ ಆದಾಯದಿಂದ. ದಾರಿಹೋಕನಿಗೆ ಅಲ್ಲಿ ಊಟ, ಹಾಸಿಗೆ, ಕೇಳಿಸಿಕೊಳ್ಳುವ ಕಿವಿ ಸಿಗುತ್ತಿತ್ತು.

1326ರಲ್ಲಿ ಅವರು ಡಮಾಸ್ಕಸ್ ತಲುಪಿದಾಗ ಅಲ್ಲಿನ ವಕ್ಫ್‌ಗಳನ್ನು ನೋಡಿ ಬೆರಗಾದರು. ಹಜ್ಜ್‌ಗೆ ಹೋಗಲಾಗದವರ ಪರವಾಗಿ ಹಜ್ಜ್ ಮಾಡಿಸಲು ಒಂದು, ಬಡ ಹೆಣ್ಣುಮಕ್ಕಳ ಮದುವೆಗೆ ಒಂದು, ಸೆರೆಯಾಳುಗಳನ್ನು ಬಿಡಿಸಲು ಒಂದು, ಮುಸಾಫಿರರಿಗೆ ಊಟ, ಬಟ್ಟೆ, ಊರಿಗೆ ಮರಳುವ ಖರ್ಚು ಕೊಡಲು ಒಂದು, ಬೀದಿಗೆ ಕಲ್ಲು ಹಾಸಲು ಇನ್ನೊಂದು. ಒಮ್ಮೆ ಒಬ್ಬ ಸೇವಕ ಹುಡುಗನ ಕೈಯಿಂದ ಚೀನಾದ ಪಿಂಗಾಣಿ ತಟ್ಟೆ ಬಿದ್ದು ಒಡೆಯಿತು. ಒಡೆದ ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್‌ಗೆ ಹೋಗು ಎಂದು ಯಾರೋ ಹೇಳಿದರು. ಚೂರು ತೋರಿಸಿದ, ಹೊಸ ತಟ್ಟೆಗೆ ಹಣ ಸಿಕ್ಕಿತು. ಇಲ್ಲದಿದ್ದರೆ ಯಜಮಾನನಿಂದ ಏಟು ಬೀಳುತ್ತಿತ್ತು. ಒಡೆದ ತಟ್ಟೆಯ ಹಿಂದೆ ಒಂದು ಹೆದರಿದ ಮಗು ಇರುತ್ತದೆ ಎಂದು ಯೋಚಿಸಿದ ಊರು ಅದು.

ಅಲ್ಲಿಯೇ, ರಮಝಾನ್ ತಿಂಗಳಲ್ಲಿ, ಇಬ್ನ್ ಬತೂತಾರಿಗೆ ಮತ್ತೆ ಜ್ವರ ಬಂತು. ನೂರುದ್ದೀನ್ ಸಖಾವಿ ಎಂಬ ಮಾಲಿಕಿ ಉಪನ್ಯಾಸಕರ ಮನೆಯಲ್ಲಿ ಕೆಲವು ದಿನ ಇಫ್ತಾರ್ ಮಾಡಿದ್ದರು. ಒಂದು ದಿನ ಬರದಿದ್ದಾಗ ಆ ಗುರುಗಳು ಹೇಳಿಕಳಿಸಿ, ಇದನ್ನು ನಿನ್ನ ತಂದೆಯ ಮನೆಯೆಂದು ತಿಳಿ ಎನ್ನುವಂತೆ ಮನೆಯಲ್ಲೇ ಇಟ್ಟುಕೊಂಡು, ವೈದ್ಯರನ್ನು ಕರೆಸಿ, ಈದ್‌ವರೆಗೆ ಆರೈಕೆ ಮಾಡಿದರು. ಕೈಯಲ್ಲಿ ಕಾಸು ಉಳಿದಿಲ್ಲ ಎಂದು ತಿಳಿದಾಗ ಒಂಟೆಗಳನ್ನು ಗೊತ್ತುಮಾಡಿ, ಬುತ್ತಿ ಕಟ್ಟಿಸಿ, ಆಪತ್ಕಾಲಕ್ಕಿರಲಿ ಎಂದು ಮೇಲೆ ಹಣವನ್ನೂ ಕೊಟ್ಟರು. ಅವರ ಮೊದಲ ಹಜ್ಜ್ ಸಾಧ್ಯವಾದದ್ದು ಹೀಗೆ. ನೂರುದ್ದೀನ್ ಸಖಾವಿಯವರ ಹೆಸರನ್ನು ನೆನಪಿಟ್ಟುಕೊಳ್ಳಿ. ಅವರು ಮುಂದೆ ಮತ್ತೊಮ್ಮೆ ಬರುತ್ತಾರೆ.

ಇಂಥ ಬಾಗಿಲುಗಳು ಅರಬ್ ನಾಡಿನಲ್ಲಿ ಮಾತ್ರ ಇದ್ದವೆಂದು ತಿಳಿಯಬೇಡಿ. ದೆಹಲಿಯಲ್ಲಿ ಖಾಝಿಯಾಗಿದ್ದ ಅವರು 1340ರ ದಶಕದಲ್ಲಿ ನಮ್ಮ ಕರಾವಳಿಗೂ ಬಂದರು. ಗೋವಾದಿಂದ ಕೊಲ್ಲಂವರೆಗಿನ ತೀರವನ್ನು ಅವರು ಮಲಬಾರ್ ಎಂದು ಕರೆಯುತ್ತಾರೆ. ಈ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ಮರದ ಮಂಟಪ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ ಸಹೋದರ ಇರುತ್ತಿದ್ದುದನ್ನು ವರ್ಣಿಸುತ್ತಾರೆ. ಆ ಕಾಲದ ಮಡಿಯ ಕಟ್ಟುಪಾಡಿನಂತೆ ಮುಸ್ಲಿಮನಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಸುರಿಯುತ್ತಿದ್ದರು. ಆದರೆ ಬಾಯಾರಿದವನನ್ನು ಹಾಗೆಯೇ ಕಳಿಸುತ್ತಿರಲಿಲ್ಲ. ಇದಕ್ಕಿಂತ ಸುರಕ್ಷಿತವಾದ ದಾರಿಯನ್ನು ತಾನು ಕಂಡಿಲ್ಲ ಎಂಬುದು ಅವರ ಮಾತಿನ ಸಾರ. ಪ್ರತಿ ತಂಗುದಾಣದಲ್ಲೂ ಮುಸ್ಲಿಮರ ಮನೆಗಳಿದ್ದವು. ದಾರಿಹೋಕರು ಅಲ್ಲಿಯೇ ಇಳಿಯುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬನಿಗೆ ಈ ದಾರಿಯಲ್ಲಿ ಪ್ರಯಾಣ ಸಾಧ್ಯವಿರಲಿಲ್ಲ ಎನ್ನುತ್ತಾರೆ.

ಮಂಗಳೂರು, ಬಾರ್ಕೂರು, ಹೊನ್ನಾವರಗಳ ಹೆಸರು ಅರಬಿ ಉಚ್ಚಾರದಲ್ಲಿ ಅವರ ಗ್ರಂಥದಲ್ಲಿವೆ. ಮಂಗಳೂರಿಗೆ ಪರ್ಷಿಯಾ, ಯಮನ್‌ಗಳ ವ್ಯಾಪಾರಿಗಳು ಬರುತ್ತಿದ್ದರು. ಮೆಣಸು, ಶುಂಠಿ ಹೇರಳವಾಗಿತ್ತು. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಅವರು ಕಂಡರು. ಅಲ್ಲಿನ ಹೆಣ್ಣುಮಕ್ಕಳು ಕುರ್‌ಆನ್ ಕಂಠಪಾಠ ಮಾಡಿದವರು ಎಂದೂ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದೂ ಹೇಳುತ್ತಾರೆ. ಅಲ್ಲಿನ ಸುಲ್ತಾನನ ಆತಿಥ್ಯದಲ್ಲಿ ಅನ್ನ, ತುಪ್ಪ, ಉಪ್ಪಿನಕಾಯಿಗಳ ಊಟ ಮಾಡಿದರು. ಒಂದು ಸಲ 11 ತಿಂಗಳು ರೊಟ್ಟಿಯ ಮುಖವನ್ನೇ ನೋಡದೆ ಬರೀ ಅನ್ನ ಉಂಡದ್ದನ್ನೂ ನೆನೆಸಿಕೊಳ್ಳುತ್ತಾರೆ. ಅಂದರೆ ನಮ್ಮ ಈ ಕರಾವಳಿಯ ಹಿರಿಯರು ಒಂದು ಕಾಲಕ್ಕೆ, ಸಾವಿರಾರು ಮೈಲಿ ಆಚೆಯ ಒಬ್ಬ ತಾಯಿಯ ಮಗನಿಗೆ ಅನ್ನ ಬಡಿಸಿದವರು.

ಗ್ರಂಥದ ಬಗ್ಗೆ ಒಂದು ಮಾತು. ಇಬ್ನ್ ಬತೂತಾ ಇದನ್ನು ದಾರಿಯಲ್ಲಿ ಬರೆದದ್ದಲ್ಲ. ಮರಳಿದ ನಂತರ ಅವರು ಹೇಳಿದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸರು 1355ರಲ್ಲಿ ಗ್ರಂಥರೂಪಕ್ಕೆ ತಂದರು. ಕೆಲವು ವರ್ಣನೆಗಳನ್ನು ಅವರಿಗಿಂತ ಹಿಂದಿನ ಯಾತ್ರಿಕ ಇಬ್ನ್ ಜುಬೈರ್ ಅವರ ಬರಹದಿಂದ ಎತ್ತಿಕೊಂಡದ್ದನ್ನೂ, ಚೀನಾದಂಥ ಕೆಲವು ಭಾಗಗಳಲ್ಲಿ ಅನುಮಾನಗಳಿರುವುದನ್ನೂ ಇತಿಹಾಸಕಾರರು ಹೇಳಿದ್ದಾರೆ. ಅವರನ್ನು ದೋಷವೇ ಇಲ್ಲದ ಮಾದರಿಯೆಂದೂ ಹೊಗಳಬೇಕಾಗಿಲ್ಲ. ದೆಹಲಿಯಲ್ಲಿ ಸಾಲದಲ್ಲಿ ಮುಳುಗಿದ್ದರು. ಹೋದಲ್ಲೆಲ್ಲ ಮದುವೆಯಾಗಿ, ಬಿಟ್ಟು ಮುಂದೆ ನಡೆದರು. ಆ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ.

ಮರಳಿದ ದಿನ

1348ರಲ್ಲಿ, ಮನೆ ಬಿಟ್ಟು 23 ವರ್ಷಗಳಾದ ಮೇಲೆ, ಅವರು ಮತ್ತೆ ಡಮಾಸ್ಕಸ್‌ಗೆ ಬಂದರು. ಹಿಂದೆ ಅಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಹೊರಟಿದ್ದರು. ಗಂಡು ಮಗು ಹುಟ್ಟಿದ ಸುದ್ದಿ ಭಾರತದಲ್ಲಿದ್ದಾಗ ತಲುಪಿತ್ತು. ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರ್ ಕಳಿಸಿದ್ದರು. ಈಗ ಮಗನನ್ನು ನೋಡುವ ತವಕದಿಂದ ಮಸೀದಿಗೆ ಬಂದಾಗ ಅಲ್ಲಿ ಸಿಕ್ಕವರು ಅದೇ ನೂರುದ್ದೀನ್ ಸಖಾವಿ. ಗುರುಗಳಿಗೆ ಗುರುತು ಸಿಗಲಿಲ್ಲ. ಪರಿಚಯ ಹೇಳಿಕೊಂಡು ಮಗನ ಬಗ್ಗೆ ಕೇಳಿದರು. ಆತ ತೀರಿಕೊಂಡು 12 ವರ್ಷವಾಯಿತು ಎಂಬ ಉತ್ತರ ಬಂತು. ಟಾಂಜಿಯರ್ ಕಡೆಯ ಒಬ್ಬ ವಿದ್ವಾಂಸರು ಆ ಊರಿನಲ್ಲಿದ್ದರು. ಅವರ ಬಳಿ ಹೋಗಿ ತಂದೆ ತಾಯಿಯ ಬಗ್ಗೆ ಕೇಳಿದರು. ತಂದೆ ತೀರಿ 15 ವರ್ಷವಾಗಿತ್ತು. ತಾಯಿ ಇದ್ದಾರೆ ಎಂದು ತಿಳಿಯಿತು.

ಆ ವರ್ಷ ಮಹಾ ಪ್ಲೇಗ್ ಊರೂರುಗಳನ್ನು ಬರಿದು ಮಾಡುತ್ತಿತ್ತು. ಅವರು ಮತ್ತೊಮ್ಮೆ ಹಜ್ಜ್ ಮಾಡಿ ಪಶ್ಚಿಮಕ್ಕೆ ಹೊರಟರು. 1349ರಲ್ಲಿ ಮೊರಾಕ್ಕೋದ ತಾಝಾ ಎಂಬ ಊರು ಮುಟ್ಟಿದಾಗ, ಮನೆ ಇನ್ನು ಕೆಲವೇ ದಿನಗಳ ದಾರಿ ಎನ್ನುವಾಗ, ತಾಯಿ ಪ್ಲೇಗ್‌ನಲ್ಲಿ ತೀರಿಕೊಂಡ ಸುದ್ದಿ ಬಂತು. ಟಾಂಜಿಯರ್‌ನಲ್ಲಿ ಅವರಿಗೆ ಸಿಕ್ಕದ್ದು ತಾಯಿಯ ಕಬರ್ ಮಾತ್ರ.

ಪ್ರಯಾಣವು ನಿದ್ದೆ, ಅನ್ನ, ನೀರುಗಳಿಗೆ ಅಡ್ಡಿಯಾಗುವ ಒಂದು ಬಗೆಯ ಕಷ್ಟವೆಂದೂ, ಬಂದ ಕೆಲಸ ಮುಗಿದ ಕೂಡಲೇ ಮನೆಯವರ ಬಳಿಗೆ ಬೇಗ ಮರಳಬೇಕೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಪ್ರಯಾಣವನ್ನು ಅವರು ನಿಷೇಧಿಸಲಿಲ್ಲ. ಅದಕ್ಕೆ ಒಂದು ಕೆಲಸವಿರಲಿ, ಒಂದು ಕೊನೆಯಿರಲಿ ಎಂದರು. ಒಂಟಿಯಾಗಿ ರಾತ್ರಿ ಸಂಚರಿಸುವುದರ ಅಪಾಯವನ್ನೂ ಎಚ್ಚರಿಸಿದ್ದಾರೆ. ದಾರಿ ಸುರಕ್ಷಿತವಾಗಿರುವಲ್ಲಿ ಈ ಎಚ್ಚರಿಕೆಯ ಬಿಗಿ ಸಡಿಲವಾಗುತ್ತದೆ ಎಂದು ವಿವರಿಸಿದ ವಿದ್ವಾಂಸರಿದ್ದಾರೆ. ಆದ್ದರಿಂದ ಮಗ ಹೊರಡುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಚರ್ಚೆಯಾಗಬೇಕಾದದ್ದು ಏಕೆ ಹೊರಡುತ್ತಾನೆ, ದಾರಿ ಹೇಗಿದೆ, ಯಾವಾಗ ಮರಳುತ್ತಾನೆ ಎಂಬುದು.

ಯೋಜನೆಯನ್ನು ಮಗನೂ ತಂದೆ ತಾಯಿಯೂ ಒಟ್ಟಿಗೆ ಕೂತು ಮಾಡಲಿ. ಮೊದಲ ಸಲಕ್ಕೆ ಒಂದೇ ದೇಶ, ಎರಡು ವಾರ ಸಾಕು. ಅನೇಕ ದೇಶಗಳು ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕೆಂದು ಕೇಳುತ್ತವೆ, ನೋಡಿಕೊಳ್ಳಿ. ವೀಸಾ, ಮರಳುವ ಟಿಕೆಟ್, ಆರೋಗ್ಯ ವಿಮೆಯ ಒಂದೊಂದು ಪ್ರತಿ ಮನೆಯಲ್ಲಿರಲಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಬರೆದುಕೊಳ್ಳಲಿ. ಬಿಜಾಯಾದ ಆ ವ್ಯಾಪಾರಿಯ 3,000 ದೀನಾರ್‌ಗಳನ್ನು ನೆನೆದು, ಯಾರಿಗೆ ಏನು ಕೊಡಬೇಕು, ಯಾರಿಂದ ಏನು ಬರಬೇಕು ಎಂಬುದನ್ನು ಬರೆದಿಡಲಿ. ಸಾಲ ಮಾಡಿ ಊರು ಸುತ್ತುವುದು ಬೇಡ. ತಾನು ಹೊತ್ತು ನಡೆಯಲಾಗದಷ್ಟು ಸಾಮಾನು ಬೇಡ. ಗುರುತಿಲ್ಲದವರು, ಕೆಲವೊಮ್ಮೆ ಗುರುತಿನವರೂ, ತಲುಪಿಸಿ ಎಂದು ಕೊಡುವ ಪೊಟ್ಟಣವಂತೂ ಬೇಡವೇ ಬೇಡ. ಅದರೊಳಗೆ ಸಿಗುವ ವಸ್ತುವಿಗೆ ಉತ್ತರ ಹೇಳಬೇಕಾದವನು ಹೊತ್ತವನೇ. ಅಲೆಕ್ಸಾಂಡ್ರಿಯಾದ ಒಬ್ಬ ಹಿರಿಯರು ಇಬ್ನ್ ಬತೂತಾರ ಕೈಯಲ್ಲಿ ಸಿಂಧ್, ಭಾರತ, ಚೀನಾಗಳಲ್ಲಿದ್ದ ಮೂವರಿಗೆ ಕಳಿಸಿದ್ದು ಸಲಾಂ ಮಾತ್ರ.

ಎಲ್ಲಕ್ಕಿಂತ ಮುಖ್ಯವಾದದ್ದು, ಇಬ್ನ್ ಬತೂತಾರಿಗೆ ಇಲ್ಲದಿದ್ದ ಒಂದು ಸೌಕರ್ಯ ಇಂದಿನ ಹುಡುಗನ ಜೇಬಿನಲ್ಲಿದೆ. ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ತಾಯಿಗೆ ಒಂದು ಕರೆ. ಎಲ್ಲಿದ್ದೇನೆ, ನಾಳೆ ಎಲ್ಲಿಗೆ ಹೋಗುತ್ತೇನೆ ಎಂಬ ಎರಡು ಮಾತು. ಅದನ್ನು ನಿರ್ಬಂಧವೆಂದು ತಿಳಿಯುವವನು ತಾಝಾ ಊರಿನಲ್ಲಿ ಆ ಸುದ್ದಿ ಕೇಳಿದವನ ಸ್ಥಿತಿಯನ್ನು ಒಂದು ಕ್ಷಣ ಯೋಚಿಸಲಿ.

ಮನೆಯಲ್ಲಿ ಉಳಿದವರಿಗೂ ಒಂದು ಕೆಲಸವಿದೆ. ನಮ್ಮ ಮಗನಿಗೆ ಪರದೇಶದ ಮಸೀದಿಯಲ್ಲಿ ಯಾರಾದರೂ ಸಲಾಂ ಹೇಳಲಿ ಎಂದು ದುಆ ಮಾಡುವ ನಾವು, ನಮ್ಮ ಮಸೀದಿಯ ಮೂಲೆಯಲ್ಲಿ ಬ್ಯಾಗ್ ಇಟ್ಟುಕೊಂಡು ಒಬ್ಬನೇ ಕೂತ ಅಪರಿಚಿತನನ್ನು ಮಾತಾಡಿಸುತ್ತೇವೆಯೇ? ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದ ಹುಡುಗ, ಪರೀಕ್ಷೆ ಬರೆಯಲು ಬಂದ ದೂರದ ಜಿಲ್ಲೆಯ ವಿದ್ಯಾರ್ಥಿ, ಬಸ್ ತಪ್ಪಿ ರಾತ್ರಿ ಉಳಿದ ಕುಟುಂಬ, ಇವರೆಲ್ಲರೂ ದಾರಿಹೋಕರೇ. ಅವರು ಯಾವ ಧರ್ಮದವರು ಎಂದು ಬಾಯಾರಿಕೆ ಕೇಳುವುದಿಲ್ಲ. ಜಮಾಅತ್‌ನ ಲೆಕ್ಕಪುಸ್ತಕದಲ್ಲಿ ಮುಸಾಫಿರರಿಗೆಂದು ಒಂದು ಸಣ್ಣ ಮೊತ್ತ, ಮಸೀದಿಯ ಆವರಣದಲ್ಲಿ ಒಂದು ಕೋಣೆ, ಒಂದು ಶುದ್ಧ ಹೊದಿಕೆ ಇಡುವುದು ನಮ್ಮ ಕೈಗೆ ನಿಲುಕದ ಕೆಲಸವೇನಲ್ಲ. ಈ ಶುಕ್ರವಾರ ಜುಮಾ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ, ಪರಿಚಯವಿಲ್ಲದ ಒಂದು ಮುಖವನ್ನು ಹುಡುಕಿ, ಹತ್ತಿರ ಹೋಗಿ ಸಲಾಂ ಹೇಳಿ, ಊಟವಾಯಿತೇ ಎಂದು ಕೇಳಿ.